ಆಕಾಶಕ್ಕೆ ಪಹಣಿ ಇಲ್ಲ

ನವೆಂಬರ್ 2, 2008, ಭಾನುವಾರ

ಲಕ್ಷ್ಮೀಶನನ್ನು ನಾನು ಬಿಡುವುದಿಲ್ಲ. ಇದನ್ನು ಮೊದಲು ಬರೆದುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ನಿನ್ನೆ ರಾಜ್ಯೋತ್ಸವಕ್ಕೆಂದು ನಮ್ಮ ಕಣಕಟ್ಟೆಯ ಹಾಲಿನ ಡೈರಿಯಲ್ಲಿ ಒಂದು ದೊಡ್ಡ ಫೋಟೋ ತೂಗುಹಾಕಿದ್ದಾರೆ. ಇಡೀ ಊರು, ಮೇಲಿನಿಂದ ತೆಗೆದದ್ದು. ಸ್ಟುಡಿಯೋ ಲಕ್ಷ್ಮೀಶ ಬೆಂಗಳೂರಿನಿಂದ ಒಂದು ರಿಮೋಟ್ ವಿಮಾನ ತಂದಿದ್ದಾನಲ್ಲ, ಥರ್ಮೋಕೋಲಿನ ರೆಕ್ಕೆಯದು, ಅದರ ಹೊಟ್ಟೆಗೆ ಕ್ಯಾಮೆರಾ ಕಟ್ಟಿ ನರಕ ಚತುರ್ದಶಿಯ ಬೆಳಿಗ್ಗೆ ಹಾರಿಸಿದ್ದ. ಊರಿಗೆ ಊರೇ ಕತ್ತೆತ್ತಿ ನೋಡಿತ್ತು. ನಾನೂ ನೋಡಿದ್ದೆ, ತಲೆಗೆ ಎಣ್ಣೆ ಹಚ್ಚಿಕೊಂಡು, ಟವೆಲ್ ಸುತ್ತಿಕೊಂಡು, ಬೀದಿ ಬಾಗಿಲಲ್ಲಿ ನಿಂತು.

ಇವತ್ತು ಹಾಲು ಹಾಕಲು ಹೋದಾಗ ಎಲ್ಲರೂ ಅವರವರ ಮನೆ ಹುಡುಕುತ್ತಿದ್ದರು. ನಾನೂ ಹುಡುಕಿದೆ. ಎರಡು ತೆಂಗಿನ ಮರ, ಹುಲ್ಲಿನ ಬಣವೆ, ಹಂಚಿನ ಮಾಡು, ಬಾಗಿಲಲ್ಲಿ ಸಾಸಿವೆ ಕಾಳಿನಷ್ಟು ನಾನು. ಹಿತ್ತಿಲಲ್ಲಿ ನಮ್ಮ ಬಚ್ಚಲು. ನಾಲ್ಕೂ ಕಡೆ ತೆಂಗಿನ ಗರಿಯ ತಡಿಕೆ, ಮೇಲೆ ಏನೂ ಇಲ್ಲ. ನಮ್ಮ ಬೀದಿಯಲ್ಲಿ ಯಾರೂ ಬಚ್ಚಲಿಗೆ ಸೂರು ಹಾಕಿಸಿದವರಲ್ಲ. ಒಲೆಯ ಹೊಗೆ ಹೋಗಬೇಕು, ಬಿಸಿಲು ಬರಬೇಕು. ಮೇಲಿನಿಂದ ನೋಡುವವನು ದೇವರೊಬ್ಬ, ಅವನಿಗೆ ಅದೇನು ಹೊಸದಲ್ಲ.

ಆ ತಡಿಕೆಗಳ ನಡುವೆ ಒಂದು ಕೆಂಪು ಚುಕ್ಕೆ ಇದೆ. ಅದು ಅನುಸೂಯಳ ಪೆಟಿಕೋಟು. ಹಬ್ಬದ ಎಣ್ಣೆ ಸ್ನಾನಕ್ಕೆ ಎದೆಗೆ ಕಟ್ಟಿಕೊಂಡು ಕೂತಿದ್ದಳು. ನನ್ನ ಹೆಂಡತಿ ಸ್ನಾನ ಮಾಡುವುದನ್ನು ಊರಿನ ಇನ್ನೂರು ಜನ ದಿನಕ್ಕೆರಡು ಸಲ ಕ್ಯಾನು ಹಿಡಿದುಕೊಂಡು ನೋಡುತ್ತಾರೆ. ಅವರಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಅಷ್ಟು ಸಾಕು.

ನವೆಂಬರ್ 3, ಸೋಮವಾರ

ಅನುಸೂಯಳಿಗೆ ಹೇಳಿದೆ. ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲೂ ಇಲ್ಲ.

"ಚುಕ್ಕೆ ಕಣ್ರೀ ಅದು. ಚುಕ್ಕೆಗೆ ಯಾವ ಮಾನ?"

"ಯಾರಿಗಾದ್ರೂ ಗೊತ್ತಾದ್ರೆ?" ಎಂದೆ.

"ನೀವು ಬಾಯಿ ಬುಡದಿದ್ರೆ ಯಾರ್ಗ್ ಗೊತ್ತಾಗ್ತೈತೆ? ಎದ್ದು ನಡೀರಿ, ಬಸ್ ಬತ್ತದೆ."

ಅವಳಿಗೆ ಕೋಪ ಬರಲಿಲ್ಲ. ಅವಳ ಪಾಲಿನದನ್ನೂ ನಾನೇ ಮಾಡಿಕೊಳ್ಳಬೇಕು.

ನವೆಂಬರ್ 5, ಬುಧವಾರ

ಲಕ್ಷ್ಮೀಶನ ಸ್ಟುಡಿಯೋಗೆ ಹೋಗಿ ಫೋಟೋ ಇಳಿಸು ಎಂದೆ. "ಯಾಕಣ್ಣ? ಪಂಚಾಯ್ತಿಯೋರೇ ಹಾಕ್ಸವ್ರೆ. ಏನೈತೆ ಅದ್ರಲ್ಲಿ?" ಅಂದ.

ಏನು ಹೇಳಲಿ? ಇಪ್ಪತ್ತೆಂಟು ವರ್ಷದಿಂದ ಅರಸೀಕೆರೆಯ ತಾಲ್ಲೂಕು ಕಚೇರಿ ಎದುರು ಹೊಂಗೆ ಮರದ ಕೆಳಗೆ ಕೂತು ಕ್ರಯಪತ್ರ, ಅರ್ಜಿ, ತಕರಾರು ಬರೆದವನು ನಾನು. ಬರೆದ ಪ್ರತಿಯೊಂದರ ಕೆಳಗೂ 'ಬಿಕ್ಕಲಂ' ಎಂದು ಬರೆದು ನನ್ನ ಹೆಸರು ಹಾಕುತ್ತೇನೆ, ಬರೆದ ಕೈ ಯಾರದೆಂದು ನಾಳೆ ತಿಳಿಯಬೇಕಲ್ಲ. ಹತ್ತೂರಿನ ದೂರಿಗೆ ಮಾತು ಕೊಟ್ಟ ನನಗೆ ನನ್ನ ದೂರು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅವನಿಗೂ ಗೊತ್ತಾಗುತ್ತದೆ.

"ನಮ್ಮ ಮನೆ ಕಾಣಬಾರದು, ಅಷ್ಟೇ" ಎಂದೆ.

"ಅಷ್ಟೇ ತಾನೆ? ಆಯ್ತು ಬುಡಣ್ಣ."

ನವೆಂಬರ್ 7, ಶುಕ್ರವಾರ

ಹಾಳಾದವನು ಮಾರ್ಕರ್ ಪೆನ್ನು ತೆಗೆದುಕೊಂಡು ನಮ್ಮ ಮನೆಗೆ ಮಾತ್ರ ಕಪ್ಪು ಬಳಿದಿದ್ದಾನೆ. ಮನೆ, ಹಿತ್ತಿಲು, ಬಣವೆ, ಎಲ್ಲಕ್ಕೂ ಸೇರಿಸಿ ಬೆಂಕಿಪೊಟ್ಟಣದಷ್ಟು ಕರಿ ಚೌಕ. ಮೊದಲು ಯಾರೂ ನಮ್ಮ ಮನೆ ನೋಡುತ್ತಿರಲಿಲ್ಲ. ಈಗ ಎಲ್ಲರೂ ಮೊದಲು ಅದನ್ನೇ ನೋಡುತ್ತಾರೆ.

ಮಾದಮ್ಮ ಹಾಲು ಅಳೆಸುತ್ತಾ, "ಏನ್ ಹನುಮಂತಯ್ಯ, ನಿಮ್ಮನೇಗೆ ಗ್ರಹಣ ಹಿಡಿದೈತೆ?" ಎಂದಳು. ಗಂಗಯ್ಯ, "ನಿಧಿ ಅಗೀತಾವ್ನಂತೆ ಕಣಮ್ಮೋ, ಗೌರ್ಮೆಂಟ್‌ಗೆ ಕಾಣ್‌ಬಾರ್ದು ಅಂತ ಮುಚ್ಸವ್ನೆ" ಎಂದ. ಡೈರಿ ಸೆಕ್ರೆಟರಿ ಚನ್ನಪ್ಪ ಲೆಕ್ಕ ತಪ್ಪುವಷ್ಟು ನಕ್ಕ. ಲಕ್ಷ್ಮೀಶ ಅಲ್ಲೇ ಇದ್ದ. "ನೀವೇ ಹೇಳಿದ್ರಲ್ಲಣ್ಣ" ಎಂದು ನನ್ನ ಮುಖ ನೋಡಿ ಅವನೂ ನಕ್ಕ.

ನಗಲಿ. ಅವನ ಹಲ್ಲು ಎಷ್ಟಿವೆ ಎಂದು ಎಣಿಸಿಕೊಂಡು ಬಂದಿದ್ದೇನೆ.

ನವೆಂಬರ್ 11, ಮಂಗಳವಾರ

ಠಾಣೆಗೆ ಹೋದೆ. ಕಾಲ ಕೆಟ್ಟಿದೆ, ನನ್ನ ಪರಿಚಯದ ಹೆಡ್ ಕಾನ್‌ಸ್ಟೇಬಲ್ಲೇ ನನಗೆ ಪ್ರಶ್ನೆ ಹಾಕಿದ. "ಒಳಕ್ ಬಂದ್ನಾ? ಇಲ್ಲ. ಗೋಡೆ ಹತ್ತಿ ಇಣುಕುದ್ನಾ? ಇಲ್ಲ. ರೋಡಲ್ ನಿಂತಿದ್ದ. ಯಾವ ಸೆಕ್ಷನ್ ಹಾಕ್ಲಿ, ನೀವೇ ಹೇಳಿ."

ಅಲ್ಲಿಂದ ವಕೀಲ ಷಡಕ್ಷರಪ್ಪನವರ ಹತ್ತಿರ. ಅವರಿಗೆ ಮಾತ್ರ ವಿಷಯ ಬಿಡಿಸಿ ಹೇಳಿದೆ. ಕನ್ನಡಕ ತೆಗೆದು ಒರೆಸಿದರು.

"ಹನುಮಂತಯ್ಯನೋರೆ, ನಿಮ್ ಖಾತೆ ಇರೋದು ನೆಲಕ್ಕೆ. ಆಕಾಶಕ್ಕೆ ಪಹಣಿ ಇಲ್ಲ. ಮ್ಯಾಲಿಂದ ನೋಡಬಾರದು ಅಂತ ನಮ್ ದೇಶದಲ್ಲಿ ಇನ್ನೂ ಯಾರೂ ಬರೆದಿಲ್ಲ."

"ಹಂಗಾದ್ರೆ ಯಾರ್ ಬೇಕಾದ್ರೂ ಹಾರಿಸ್ಬೋದಾ?"

"ವಿಮಾನದಿಂದ ಫೋಟೋ ತೆಗೀಬೇಕಾದ್ರೆ ಸೆಂಟ್ರಲ್ ಗೌರ್ಮೆಂಟ್ ಪರ್ಮಿಷನ್ ಬೇಕು ಅಂತ ಹಳೇ ರೂಲ್ಸ್ ಐತೆ. ದೇಶದ ಭದ್ರತೆಗೆ ಮಾಡಿದ್ದು, ನಿಮ್ ಬಚ್ಚಲಿಗಲ್ಲ. ಆ ಆಟದ ಸಾಮಾನು ವಿಮಾನ ಹೌದೋ ಅಲ್ವೋ ಅನ್ನೋದು ಆ ರೂಲ್ಸ್ ಬರೆದೋರಿಗೂ ಗೊತ್ತಿರಾಕಿಲ್ಲ. ಸುಮ್ನಿದ್ದುಬಿಡಿ. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ."

ಮೂಗಿನ ಗಾದೆ ನನಗೂ ಗೊತ್ತು. ಮೂಗು ಯಾರದು ಎಂದು ಗಾದೆಯಲ್ಲಿ ಹೇಳಿಲ್ಲ.

ನವೆಂಬರ್ 16, ಭಾನುವಾರ

ಸಾಕ್ಷಿ ಬೇಕು. ಲಕ್ಷ್ಮೀಶನ ಹಿತ್ತಿಲಿಗೆ ಎದುರಾಗಿ ನಮ್ಮ ತೋಟದ ಬದು ಇದೆ. ಅಲ್ಲಿ ಕೂತರೆ ನಾನು ಕಾಣುವುದಿಲ್ಲ, ಅವರು ಕಾಣುತ್ತಾರೆ.

6.40, ಹೆಂಡತಿ ಧನುಶ್ರೀ ಪಾತ್ರೆ ತೊಳೆಯಲು ಹೊರಗೆ ಬಂದಳು. 7.05, ಲಕ್ಷ್ಮೀಶ ಹಲ್ಲುಜ್ಜಿದ. 7.20, ವಿಮಾನದ ಪೆಟ್ಟಿಗೆ ಹೊರಗೆ ತಂದ. 7.50, ಪೆಟ್ಟಿಗೆಯೊಂದಿಗೆ ಬೈಕಿನಲ್ಲಿ ಹೊರಟ. 8.15, ಧನುಶ್ರೀ ತಲೆ ಒಣಗಿಸಿಕೊಂಡಳು, ಹಳದಿ ನೈಟಿ.

ನವೆಂಬರ್ 19, ಬುಧವಾರ

6.30ರಿಂದ 8.30. ಗಂಡ ಹೆಂಡತಿ ಏನೋ ಜಗಳವಾಡಿದರು. ಅವಳು ಅತ್ತಳು. ಮಾತು ಕೇಳಿಸಲಿಲ್ಲ, ಇನ್ನೂ ಸ್ವಲ್ಪ ಹತ್ತಿರ ಕೂರಬೇಕು.

ನವೆಂಬರ್ 23, ಭಾನುವಾರ

ಹಳೇಬೀಡಿನ ಹತ್ತಿರ ಒಂದು ಮದುವೆಗೆ ಕರೆದಿದ್ದರು. ನನ್ನ ಅದೃಷ್ಟ, ವಿಡಿಯೋ ಅವನದೇ. ಗಂಡುಹೆಣ್ಣನ್ನು ದೇವಸ್ಥಾನದ ಹತ್ತಿರ ಕರೆದುಕೊಂಡು ಹೋಗಿ, ವಿಮಾನವನ್ನು ದೇವಸ್ಥಾನದ ಮೇಲೆ ಒಂದು ಸುತ್ತು, ಬಸ್ತಿಹಳ್ಳಿಯ ಬಸದಿಗಳ ಮೇಲೆ ಒಂದು ಸುತ್ತು ಹಾರಿಸಿದ. ಹೋದ ತಿಂಗಳು ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಮೇಲೂ ಹಾರಿಸಿದ್ದನೆಂದು ಊಟದ ಪಂಕ್ತಿಯಲ್ಲಿ ಅವನೇ ಹೇಳಿದ. ಹೋಳಿಗೆ ರುಚಿಯಾಗಿತ್ತು.

ನವೆಂಬರ್ 29, ಶನಿವಾರ

ಮೂರು ದಿನದಿಂದ ಟೀವಿಯಲ್ಲಿ ಮುಂಬಯಿ. ಹೋಟೆಲು ಉರಿಯುವುದನ್ನೇ ತೋರಿಸುತ್ತಿದ್ದಾರೆ. ಅನುಸೂಯ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನೋಡುತ್ತಿದ್ದಳು. ನನಗೂ ಬೇಸರವಾಯಿತು. ಆದರೆ ಬೇಸರದ ಜೊತೆಯಲ್ಲೇ ಅರ್ಜಿಯ ಮೊದಲ ಸಾಲು ತಾನಾಗಿ ಬಂತು. ಬಂದದ್ದನ್ನು ಏಕೆ ಬಿಡಲಿ?

ಹಾಸನದ ಎಸ್.ಪಿ.ಯವರಿಗೆ ಮೂಕರ್ಜಿ ಬರೆದೆ. ನನ್ನ ಜೀವನದಲ್ಲಿ ಇದೇ ಮೊದಲನೆಯದು. ಹೆಸರಿಲ್ಲದ ಅರ್ಜಿ ಹೇಡಿಗಳ ಕೆಲಸವೆಂದು ಎಷ್ಟು ಜನರನ್ನು ವಾಪಸ್ ಕಳಿಸಿದ್ದೆನೋ. ಎಡಗೈಯಲ್ಲಿ ಬರೆದೆ. ಒಂದು ಸುಳ್ಳೂ ಇಲ್ಲ. ರೈಲ್ವೆ ಜಂಕ್ಷನ್, ಪುರಾತನ ದೇವಾಲಯ, ಜನವಸತಿ, ಇವುಗಳ ಛಾಯಾಚಿತ್ರಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಆಕಾಶಮಾರ್ಗವಾಗಿ ಸಂಗ್ರಹಿಸುತ್ತಿರುವ ವ್ಯಕ್ತಿಯ ಹಿನ್ನೆಲೆಯನ್ನು ತಾವುಗಳು ದಯಮಾಡಿ ಪರಿಶೀಲಿಸಬೇಕಾಗಿ ಪ್ರಾರ್ಥನೆ. ನಿಜವನ್ನೇ ಬರೆದದ್ದು, ಜೋಡಿಸಿದ್ದು ಮಾತ್ರ ನಾನು.

ಅರಸೀಕೆರೆಯಲ್ಲಿ ಹಾಕಿದರೆ ಮುದ್ರೆಯಲ್ಲಿ ಊರು ಗೊತ್ತಾಗುತ್ತದೆಂದು ಬಸ್ಸು ಹತ್ತಿ ಬೇಲೂರಿಗೆ ಹೋಗಿ ಅಲ್ಲಿ ಡಬ್ಬಿಗೆ ಹಾಕಿದೆ. ಕೋಲು ಮುರಿಯದೆ ಹಾವು ಸಾಯಬೇಕು. ಬರುವಾಗ ಅನುಸೂಯಳಿಗೆ ಸೇವಂತಿಗೆ ತಂದೆ.

ಡಿಸೆಂಬರ್ 5, ಶುಕ್ರವಾರ

ಬಂದರು. ಎರಡು ಜೀಪು. ವಿಮಾನ, ಕಂಪ್ಯೂಟರು, ಡೈರಿಯ ಫೋಟೋ, ಎಲ್ಲ ಹೊತ್ತುಕೊಂಡು ಹೋದರು. ಲಕ್ಷ್ಮೀಶನ ಮುಖದಲ್ಲಿ ರಕ್ತವೇ ಇರಲಿಲ್ಲ. "ಮದ್ವೆ ಸೀಸನ್ ಸಾರ್, ಇಪ್ಪತ್ ಮದ್ವೆ ಅದ್ರೊಳ್ಗೈತೆ" ಎನ್ನುತ್ತಾ ಜೀಪಿನ ಹಿಂದೆ ನಾಲ್ಕು ಹೆಜ್ಜೆ ಓಡಿದ. ನಾನು ಜಗಲಿಯ ಮೇಲೆ ಕೂತು ಪೂರ್ತಿ ನೋಡಿದೆ. ಹೊಟ್ಟೆ ತಣ್ಣಗಾಯಿತು.

ಅನುಸೂಯ, "ಪಾಪ, ಯಾರ್ ಮಾಡುದ್ರೋ" ಎಂದಳು. ಪಾಯಸ ಮಾಡು ಎಂದೆ. "ಯಾಕೆ?" ಎಂದಳು. ಸುಮ್ಮನೆ ಎಂದೆ.

ಡಿಸೆಂಬರ್ 9, ಮಂಗಳವಾರ

ಇಂಥ ದಿನ ಕೇಳಿದರೂ ಸಿಗುವುದಿಲ್ಲ. ಹೊಂಗೆ ಮರದ ಕೆಳಗೆ ನನ್ನೆದುರು ಧನುಶ್ರೀ ಬಂದು ನಿಂತಳು.

"ಮಾವ, ಒಂದು ಅರ್ಜಿ ಬರ್ಕೊಡಿ. ದಿನಾ ಬೆಳಿಗ್ಗೆ ನಮ್ಮೋರ್ನ ಸ್ಟೇಷನ್‌ಗೆ ಕರೀತಾರೆ, ಸಂಜೆಗಂಟ ಕೂರುಸ್ತಾರೆ. ಅವ್ರು ಊಟನೇ ಬುಟ್ಬುಟ್ಟವ್ರೆ. ಕಂಪ್ಯೂಟರ್ ಒಂದಾದ್ರೂ ಕೊಟ್ರೆ ಜನದ ಮದ್ವೆ ಕ್ಯಾಸೆಟ್ಟಾದ್ರೂ ಕೊಡ್ಬೋದು."

ಬರೆದುಕೊಟ್ಟೆ. ಓದಿದವರು ಅಳಬೇಕು, ಹಾಗೆ ಬರೆದೆ. ಪೊಲೀಸರು ತೆಗೆದುಕೊಂಡ ವಸ್ತು ಬಿಡಿಸಬೇಕಾದರೆ ಕೋರ್ಟಿಗೆ ಬರೆಯಬೇಕು. ನಾನು ತಹಶೀಲ್ದಾರರಿಗೆ ಬರೆದೆ. ಅಲ್ಲಿಂದ 'ಸೂಕ್ತ ಕ್ರಮಕ್ಕಾಗಿ' ಎಂದು ಒಂದು ಮೇಜು, ಆಮೇಲೆ ಇನ್ನೊಂದು ಮೇಜು. ಸಂಕ್ರಾಂತಿಯವರೆಗೆ ತಿರುಗುತ್ತಿರುತ್ತದೆ. ಅವಳು ಕೈ ಮುಗಿದು ಹೋದಳು. ಅವಳಿಂದ ಏನೂ ತೆಗೆದುಕೊಳ್ಳಲಿಲ್ಲ, ಅಷ್ಟು ಧರ್ಮ ನನಗೂ ಇದೆ.

ಡಿಸೆಂಬರ್ 18, ಗುರುವಾರ

ಇವತ್ತು ಆದದ್ದನ್ನು ಆದಂತೆ ಬರೆಯುತ್ತೇನೆ.

ಠಾಣೆಗೆ ಬರಹೇಳಿದರು. ಹೋದರೆ ಪಂಚರಾಗಿ ಚನ್ನಪ್ಪ, ಗಂಗಯ್ಯ ಕೂತಿದ್ದಾರೆ. ಲಕ್ಷ್ಮೀಶ ಗೋಡೆಗೆ ಒರಗಿ ನಿಂತಿದ್ದಾನೆ. ಮೇಜಿನ ಮೇಲೆ ವಿಮಾನ. ಅದನ್ನು ಅವರು ಮೈದಾನದಲ್ಲಿ ಹಾರಿಸಿ ನೋಡಿದ್ದಾರೆ. ಇಂಥದ್ದೊಂದು ಇಲಾಖೆಗೇ ಇದ್ದರೆ ಜಾತ್ರೆ, ಗಲಾಟೆ, ಮರಳು ಕಳ್ಳಸಾಗಣೆ, ಎಲ್ಲ ಕೂತಲ್ಲೇ ನೋಡಬಹುದೆಂದು ಹೆಡ್ ಕಾನ್‌ಸ್ಟೇಬಲ್ ಖುಷಿಯಲ್ಲಿದ್ದ.

ಇನ್‌ಸ್ಪೆಕ್ಟರು ನನ್ನನ್ನು ಕೂರಿಸಿ, "ಊರಲ್ಲಿ ಇನ್ನೂರು ಮನೆ ಇದೆ. ನಿಮ್ಮನೆ ಒಂದಕ್ಕೇ ಯಾಕೆ ಕಪ್ಪು ಬಳಿಸಿದ್ರಿ? ಏನಿತ್ತು ಅಲ್ಲಿ?" ಎಂದರು.

"ಏನಿಲ್ಲ ಸ್ವಾಮಿ."

"ನಾವೂ ಹಾಗೇ ಅಂದ್ಕೊಂಡ್ವಿ. ಆಮೇಲೆ ಕಂಪ್ಯೂಟರಲ್ಲಿ ಒರಿಜಿನಲ್ ಇತ್ತಲ್ಲ, ತೆಗೆದು ನೋಡಿದ್ವಿ. ಕಂಪ್ಯೂಟರ್ ಬಿಡಿಸ್ಕೊಳ್ಳೋಕೆ ಕೋರ್ಟ್ ಆರ್ಡರ್ ಹಿಡ್ಕೊಂಡು ಯಾರಾದ್ರೂ ಬಂದಿದ್ರೆ ಮೊದಲ ವಾರನೇ ಕೊಟ್ಟು ಕಳಿಸ್ತಿದ್ವಿ, ಅದರೊಳಗಿರೋದೆಲ್ಲ ಮದುವೆ. ಯಾರೂ ಬರಲಿಲ್ಲ."

ಪರದೆ ತಿರುಗಿಸಿದರು. ನಮ್ಮ ಮನೆ. ಡೈರಿಯ ಕಾಗದದಲ್ಲಿದ್ದಂತಲ್ಲ, ಹಂಚು ಹಂಚು ಎಣಿಸುವ ಹಾಗೆ. ಒತ್ತಿದರು, ದೊಡ್ಡದಾಯಿತು. ಇನ್ನೊಮ್ಮೆ ಒತ್ತಿದರು. ಬಚ್ಚಲು ಪರದೆಯ ತುಂಬ ಬಂತು.

ಅನುಸೂಯ. ಕೆಂಪು ಪೆಟಿಕೋಟು, ಒದ್ದೆ ತೋಳು, ತಲೆಯ ತುಂಬ ಸೀಗೆಪುಡಿ. ಒಂದು ಕೈ ಹಣೆಗೆ ಅಡ್ಡ ಹಿಡಿದು ನೇರ ಮೇಲೆ ನೋಡುತ್ತಿದ್ದಾಳೆ. ಎಲ್ಲರಂತೆ ಅವಳೂ ವಿಮಾನ ನೋಡಿದ್ದಾಳೆ. ಬಾಯಿ ತೆರೆದು ನಗುತ್ತಿದ್ದಾಳೆ. ಅವಳು ಹಾಗೆ ನಕ್ಕದ್ದನ್ನು ನಾನು ಕಂಡು ಎಷ್ಟು ವರ್ಷವಾಯಿತೋ.

ಗಂಗಯ್ಯ ತಲೆ ತಗ್ಗಿಸಿದ. ಚನ್ನಪ್ಪ ತಗ್ಗಿಸಲಿಲ್ಲ. ಲಕ್ಷ್ಮೀಶ, "ನಂಗೊತ್ತೇ ಇರ್ಲಿಲ್ಲ ಸಾರ್, ಅಷ್ಟ್ ಹತ್ರ ನಾನ್ಯಾವತ್ತೂ ನೋಡೇ ಇಲ್ಲ" ಎಂದು ಕಣ್ಣು ಮುಚ್ಚಿಕೊಂಡ. ನಿಜವಾಗಿಯೂ ಕಣ್ಣು ಮುಚ್ಚಿಕೊಂಡ. ನಾಟಕ.

"ಯಾರಿದು?" ಎಂದರು ಇನ್‌ಸ್ಪೆಕ್ಟರು.

"ಗೊತ್ತಿಲ್ಲ ಸ್ವಾಮಿ."

"ನಿಮ್ಮ ಬಚ್ಚಲಲ್ಲಿ ಸ್ನಾನ ಮಾಡೋರು ನಿಮಗೆ ಗೊತ್ತಿಲ್ವಾ? ಫೈಲಿಗೆ ಹೆಸರು ಬೇಕು. ಇಲ್ಲದಿದ್ರೆ ಊರೋರನ್ನ ಒಬ್ಬೊಬ್ಬರನ್ನಾಗಿ ಕರೆಸಿ ಕೇಳಬೇಕಾಗುತ್ತೆ."

ಹೇಳಿದೆ. ಬರೆದುಕೊಂಡರು. ಪೂರ್ತಿ ಹಾಳೆಯಷ್ಟು ದೊಡ್ಡದಾಗಿ ಮೂರು ಪ್ರತಿ ತೆಗೆದು, ಅವಳ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ನಂಬರು ಬರೆದರು. ಚನ್ನಪ್ಪ ಸಹಿ ಹಾಕಿದ. ಗಂಗಯ್ಯ ಹೆಬ್ಬೆಟ್ಟು ಒತ್ತಿದ. 'ಸದರಿ ಚಿತ್ರದಲ್ಲಿರುವ ಸ್ತ್ರೀಯು ನನ್ನ ಪತ್ನಿ ಎಂದು ಗುರುತಿಸಿರುತ್ತೇನೆ' ಎಂಬುದರ ಕೆಳಗೆ ನಾನು ಸಹಿ ಹಾಕಿದೆ. ಮೂರು ಸಲ.

ಏಳುತ್ತಿದ್ದವನನ್ನು ಮತ್ತೆ ಕೂರಿಸಿದರು. ಫೈಲಿನ ಅಡಿಯಿಂದ ನನ್ನ ಮೂಕರ್ಜಿ ತೆಗೆದರು.

"ಒಳ್ಳೆ ಬರಹ ರೀ ಇದು. ಹೆಸರಿಲ್ಲ, ಸಹಿ ಇಲ್ಲ, ಎಡಗೈ ಅಕ್ಷರ, ಬೇಲೂರಿನ ಮುದ್ರೆ. ಎಲ್ಲ ಸರಿ. ಆದ್ರೆ ಕೆಳಗೆ ಇದೇನು?"

ಬೆರಳಿಟ್ಟು ತೋರಿಸಿದರು. ಕೊನೆಯ ಸಾಲಿನ ಕೆಳಗೆ, ಎಡಗಡೆ, 'ಬಿಕ್ಕಲಂ' ಎಂದಿದೆ. ಮುಂದೆ ಖಾಲಿ. ಇಪ್ಪತ್ತೆಂಟು ವರ್ಷದ ಅಭ್ಯಾಸಕ್ಕೆ ಎಡಗೈ ಬಲಗೈ ಭೇದ ಇಲ್ಲ.

"ತಾಲ್ಲೂಕು ಕಚೇರಿ ಮುಂದೆ ಪತ್ರ ಬರೆಯೋರು ಮೂರೇ ಜನ. ಒಬ್ಬರಿಗೆ ಕಣ್ಣು ಕಾಣಲ್ಲ, ಇನ್ನೊಬ್ಬರು ಆರು ತಿಂಗಳಿಂದ ಮಗನ ಮನೇಲಿದ್ದಾರೆ. ನಾನು ಇನ್ನೇನೂ ಕೇಳಲ್ಲ, ಹೋಗಿ."

ಲಕ್ಷ್ಮೀಶ ಕಣ್ಣು ಬಿಟ್ಟು ನನ್ನನ್ನು ನೋಡಿದ. ಚನ್ನಪ್ಪನೂ ಗಂಗಯ್ಯನೂ ನನಗಿಂತ ಮುಂಚಿನ ಬಸ್ಸಿಗೆ ಊರಿಗೆ ಹೋದರು.

ಡಿಸೆಂಬರ್ 19, ಶುಕ್ರವಾರ

ಅನುಸೂಯ ಬೈಯಲಿಲ್ಲ. ಮುದ್ದೆ ಬಡಿಸಿ, ಎದುರು ಕೂತು, ಒಂದೇ ಮಾತು ಕೇಳಿದಳು.

"ಎಷ್ಟು ಪ್ರತಿ?"

"ಮೂರು."

"ಎಲ್ಲೆಲ್ಲಿಗೆ ಹೋಯ್ತವೆ?"

"ಒಂದು ಇಲ್ಲಿ, ಒಂದು ಹಾಸನ, ಒಂದು ಬೆಂಗಳೂರು."

"ನಾನು ಬೆಂಗ್ಳೂರೇ ನೋಡಿಲ್ಲ" ಎಂದಳು.

ಡಿಸೆಂಬರ್ 23, ಮಂಗಳವಾರ

ಅನುಸೂಯಳ ಹೇಳಿಕೆ ಬೇಕೆಂದು ಠಾಣೆಗೆ ಕರೆಸಿದರು. ಜೊತೆಗೆ ಬರುತ್ತೇನೆಂದೆ. ಬೇಡ ಎಂದಳು. ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದು ಧನುಶ್ರೀ. ಏನು ಹೇಳಿದಳೆಂದು ಕೇಳಿದೆ, ಹೇಳಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಕೈಕಾಲು ಹಿಡಿದು ತಿಳಿದುಕೊಂಡೆ. ಫೋಟೋ ತೆಗೆದವನ ಮೇಲೆ ದೂರು ಉಂಟೋ ಎಂದು ಕೇಳಿದ್ದಕ್ಕೆ, "ತೆಗೆದೋನ್ಗೆ ನಾನು ಚುಕ್ಕೆಯಾಗಿದ್ದೆ. ಹೆಂಗ್ಸು ಅಂತ ತೋರ್ಸಿದ್ದು ನಮ್ಮೆಜಮಾನ್ರು. ಅವ್ರ ಮ್ಯಾಲೆ ಯಾವ್ದಾದ್ರೂ ಕಾನೂನ್ ಐತಾ?" ಎಂದಳಂತೆ.

ಈ ಮಾತು ಅವಳದಲ್ಲ. ಧನುಶ್ರೀ ಹೇಳಿಕೊಟ್ಟದ್ದು. ಗಂಡ ಹೆಂಡತಿ ಸೇರಿ ನನ್ನ ಮನೆಯೊಳಗೇ ಕೈ ಹಾಕಿದ್ದಾರೆ.

ಜನವರಿ 20, 2009, ಮಂಗಳವಾರ

ಲಕ್ಷ್ಮೀಶನ ಮೇಲೆ ಏನೂ ನಿಲ್ಲಲಿಲ್ಲ. ಭದ್ರತೆಯ ರೂಲ್ಸಿಗೆ ವಿಮಾನ ಚಿಕ್ಕದಾಯಿತು, ಮಾನದ ರೂಲ್ಸು ಇಲ್ಲವೇ ಇಲ್ಲ. ಸಾಮಾನೆಲ್ಲ ವಾಪಸು ಕೊಟ್ಟರು. ಅನುಸೂಯಳ ಫೋಟೋ ಮಾತ್ರ ಫೈಲಿನಲ್ಲೇ ಇರುತ್ತದಂತೆ, ಫೈಲು ಅಂದ ಮೇಲೆ ಹರಿಯುವ ಹಾಗಿಲ್ಲ.

ಫೆಬ್ರವರಿ 17, ಮಂಗಳವಾರ

ಷಡಕ್ಷರಪ್ಪನವರು ಪೇಪರು ತೋರಿಸಿದರು. ಒಪ್ಪಿಗೆ ಇಲ್ಲದೆ ಇಂಥ ಫೋಟೋ ತೆಗೆದರೆ ಮೂರು ವರ್ಷ ಜೈಲೆಂದು ದೆಹಲಿಯಲ್ಲಿ ಹೊಸ ಕಾನೂನು ಪಾಸಾಗಿದೆಯಂತೆ. ಈಗಲೇ ದೂರು ಬರೆಯುತ್ತೇನೆ, ಕೋರ್ಟಿಗೆ ಹಾಕಿ ಎಂದೆ.

"ಹಿಂದೆ ಆಗಿದ್ದಕ್ಕೆ ಅದು ನಡಿಯಲ್ಲ. ಆಮೇಲೆ ಪೂರ್ತಿ ಓದಿ. ತೆಗೆದೋನಿಗೆ ಮಾತ್ರ ಅಲ್ಲ, ನಾಲ್ಕು ಜನದ ಕೈಗೆ ದಾಟಿಸಿದೋನಿಗೂ ಅಷ್ಟೇ ಶಿಕ್ಷೆ."

ನನ್ನನ್ನೇ ನೋಡುತ್ತಾ ಹೇಳಿದರು. ವಯಸ್ಸಾಯಿತು ಅವರಿಗೆ. ಬೇರೆ ವಕೀಲರನ್ನು ನೋಡಬೇಕು.

ಫೆಬ್ರವರಿ 20, ಶುಕ್ರವಾರ

ಅನುಸೂಯ ನಮ್ಮ ಬಚ್ಚಲಿಗೆ ಹೋಗುವುದನ್ನು ಬಿಟ್ಟು ಎರಡು ತಿಂಗಳಾಯಿತು. ತಗಡಿನ ಶೀಟು ತರಿಸಿ ಹೊದಿಸಿದೆ, ಹೋಗಲಿಲ್ಲ. ಇಷ್ಟು ದಿನ ತವರುಮನೆ, ತೋಟದ ಪಂಪ್‌ಸೆಟ್ಟು ಎಂದು ಏನೇನೋ ಹೇಳುತ್ತಿದ್ದಳು. ಇವತ್ತು ಹಿಂದೆಯೇ ಹೋದೆ.

7.10, ಸೀರೆ, ಟವೆಲು, ಸೀಗೆಪುಡಿ ಹಿಡಿದು ಹೊರಟಳು. 7.14, ಲಕ್ಷ್ಮೀಶನ ಮನೆಯ ಹಿತ್ತಿಲ ಬಾಗಿಲು. ಲಕ್ಷ್ಮೀಶ ಅವಳನ್ನು ಕಂಡ ಕೂಡಲೇ ಬೈಕು ತೆಗೆದುಕೊಂಡು ಆಚೆ ಹೋದ. ಧನುಶ್ರೀ ಬಿಸಿನೀರಿನ ಹಂಡೆ ಒಳಗಿಟ್ಟು, ತಾನೂ ಒಳಗೆ ಹೋಗಿ ಚಿಲಕ ಹಾಕಿಕೊಂಡಳು, ಬೆನ್ನುಜ್ಜಲೋ ಏನೋ. ನಾನು ಬದುವಿನಿಂದ ಇಳಿದು ಅವರ ಬಚ್ಚಲಿನ ಗೋಡೆಯವರೆಗೂ ಹೋದೆ. ಒಳಗೆ ನೀರಿನ ಸದ್ದು, ಮಾತು, ಆಮೇಲೆ ನಗು ಕೇಳಿಸಿತು.

7.50ರವರೆಗೆ ಗೋಡೆಗೆ ಕಿವಿ ಕೊಟ್ಟು ನಿಂತೆ. ಇಬ್ಬರು ಹೆಂಗಸರ ನಗು. ಅದರಲ್ಲಿ ಅನುಸೂಯಳದು ಯಾವುದೆಂದು ನನಗೆ ಗೊತ್ತಾಗಲಿಲ್ಲ.